ನಲ್ಲಿ ಬಂದಿದೆ, ಅದರಲ್ಲಿ ನೀರು ಬರುವುದು ನಿಲ್ಲದಂತೆ ನೋಡಿಕೊಳ್ಳುವ ಹಣ ಎಲ್ಲಿಂದ ಬರಬೇಕು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಯ ಸದಸ್ಯೆ. ಮೂರು ವರ್ಷದ ಹಿಂದೆ ನಮ್ಮಲ್ಲಿ ಮನೆ ಮನೆಗೆ ನಲ್ಲಿ ಹಾಕಿದರು. ಕಳೆದ ಬೇಸಿಗೆಯಲ್ಲಿ ಎರಡು ಮಜರೆಗಳ (ಚಿಕ್ಕ ಜನವಸತಿಗಳ) ಮೋಟಾರು ಸುಟ್ಟು 23 ದಿನ ನೀರಿರಲಿಲ್ಲ. ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಹಣ ಉಳಿದಿಲ್ಲ, ಮುಂದಿನ ಕಂತು ಬರಲಿ ಎಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳಿದರು. ಪಂಚಾಯತಿಗೆ 29 ವಿಷಯಗಳನ್ನು ಕೊಟ್ಟಿದೆ ಎಂದು ತರಬೇತಿಯಲ್ಲಿ ಹೇಳುತ್ತಾರೆ. ವಿಷಯಗಳ ಹಿಂದೆ ಹಣ ಏಕೆ ಬಂದಿಲ್ಲ? ಹತ್ತು ಹದಿನೈದು ವರ್ಷ ಸೇವೆ ನಿಲ್ಲದೆ ನಡೆಯಬೇಕಾದರೆ ಏನು ಬದಲಾಗಬೇಕು? ಈಗ ನೀರಿನ ದರವನ್ನು ತಿಂಗಳಿಗೆ 50 ರೂಪಾಯಿಯಿಂದ 100ಕ್ಕೆ ಏರಿಸುವ ಠರಾವು ಬರುವುದಿದೆ. ಅದಕ್ಕೆ ನಾನು ಕೈ ಎತ್ತಬೇಕೇ?

ಉತ್ತರ: ಸದಸ್ಯೆಯವರೇ, ನೀವು ಕೇಳಿರುವುದು ಒಂದು ಮೋಟಾರಿನ ಪ್ರಶ್ನೆಯಂತೆ ಕಂಡರೂ ನಮ್ಮ ಇಡೀ ವಿಕೇಂದ್ರೀಕರಣದ ಪ್ರಶ್ನೆ ಅದರೊಳಗಿದೆ. ಜಿಲ್ಲಾ ಪಂಚಾಯತಿಯ ಲೆಕ್ಕಪತ್ರದ ಕೆಲಸದಲ್ಲಿ ಬಹುಕಾಲ ಕಳೆದು, ಈಗ ಸದಸ್ಯರ ತರಬೇತಿಗಳಿಗೆ ಹೋಗಿ ಬರುವ ನನಗೆ ಈ ಪ್ರಶ್ನೆ ಮಲೆನಾಡಿನ ಎಲ್ಲ ತಾಲ್ಲೂಕುಗಳಲ್ಲೂ ಎದುರಾಗಿದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಟ್ಟುವುದಕ್ಕೆ ಹಣ ಬರುತ್ತದೆ, ಕಟ್ಟಿದ್ದನ್ನು ನಡೆಸುವುದಕ್ಕೆ ಬರುವುದಿಲ್ಲ. ನಿರ್ವಹಣೆಯ ಹಣವು ಪಂಚಾಯತಿಗೆ ವರ್ಷವರ್ಷ ಬೇಡಿ ಪಡೆಯುವ ಅನುದಾನವಾಗಿ ಉಳಿಯದೆ, ಮೊದಲೇ ಗೊತ್ತಿರುವ, ಸೂತ್ರಕ್ಕೆ ಕಟ್ಟುಬಿದ್ದ, ಹಕ್ಕಿನ ಪಾಲಾಗಿ ಬರುವ ತನಕ ಎಷ್ಟು ವಿಷಯಗಳನ್ನು ವರ್ಗಾಯಿಸಿದರೂ ಆ ಸೇವೆಗಳು ಕುಂಟುತ್ತಲೇ ಇರುತ್ತವೆ.

29 ವಿಷಯಗಳ ಮಾತು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಹದಿನಾರೇ ದಿನಗಳಲ್ಲಿ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ ಜಾರಿಗೆ ಬಂತು. ತಿದ್ದುಪಡಿಯೊಂದಿಗೆ ಸೇರಿದ ಹನ್ನೊಂದನೆಯ ಅನುಸೂಚಿಯಲ್ಲಿ ಕುಡಿಯುವ ನೀರು, ಗ್ರಾಮೀಣ ರಸ್ತೆ, ಪ್ರಾಥಮಿಕ ಶಿಕ್ಷಣ, ಆರೋಗ್ಯ ಮೊದಲಾದ 29 ವಿಷಯಗಳಿವೆ. ಆದರೆ ಚುನಾವಣೆಯನ್ನು ನಡೆಸಲೇಬೇಕು, ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವನ್ನು ರಚಿಸಲೇಬೇಕು ಎಂದು ಕಡ್ಡಾಯದ ಭಾಷೆಯಲ್ಲಿ ಮಾತನಾಡುವ ಸಂವಿಧಾನ, ಈ ವಿಷಯಗಳ ಬಗ್ಗೆ ಮಾತ್ರ ರಾಜ್ಯದ ಶಾಸಕಾಂಗವು ಕಾನೂನಿನ ಮೂಲಕ ಅಧಿಕಾರವನ್ನು ಕೊಡಬಹುದು ಎನ್ನುತ್ತದೆ. ಅಲ್ಲಿರುವುದು 'ಕೊಡಬಹುದು', 'ಕೊಡತಕ್ಕದ್ದು' ಅಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತಲೂ ಮುಖ್ಯವಾದದ್ದು. ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರವನ್ನು ಹಂಚುವ ಏಳನೆಯ ಅನುಸೂಚಿಯಲ್ಲಿ ರಾಜ್ಯದ ಪಟ್ಟಿಗೆ ಕೆಲಸಗಳ ಜೊತೆಯಲ್ಲೇ ಭೂಕಂದಾಯ, ಅಬಕಾರಿ ಮುಂತಾದ ತೆರಿಗೆಗಳನ್ನೂ ಹೆಸರು ಹಿಡಿದು ಸೇರಿಸಲಾಗಿದೆ. ಹನ್ನೊಂದನೆಯ ಅನುಸೂಚಿಯಲ್ಲಿ ಕೆಲಸಗಳಿವೆ, ಒಂದೇ ಒಂದು ತೆರಿಗೆಯ ಹೆಸರಿಲ್ಲ. ಯಾವ ತೆರಿಗೆಯನ್ನು ಪಂಚಾಯತಿ ಹಾಕಬಹುದು ಎಂಬುದನ್ನು ರಾಜ್ಯವೇ ತೀರ್ಮಾನಿಸುತ್ತದೆ. ವಿಷಯಗಳ ಹಿಂದೆ ಹಣ ಏಕೆ ಬರಲಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಹಾಗೆಂದು ಕರ್ನಾಟಕ ಹಿಂದುಳಿದಿದೆ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಸಂವಿಧಾನದ ತಿದ್ದುಪಡಿಗಿಂತ ಮೊದಲೇ, 1983ರ ಅಧಿನಿಯಮದ ಮೂಲಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳನ್ನು ತಂದು, 1987ರಲ್ಲಿ ಚುನಾವಣೆ ನಡೆಸಿ, ಇಲಾಖೆಗಳ ಸಿಬ್ಬಂದಿಯನ್ನೂ ಹಣವನ್ನೂ ಜಿಲ್ಲೆಗೆ ಇಳಿಸಿದ ರಾಜ್ಯ ನಮ್ಮದು. ಆ ಕೆಲಸದ ಮುಂದೆ ನಿಂತಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ಇಂದಿಗೂ 'ನೀರ್ ಸಾಬ್' ಎಂದೇ ನೆನೆಯುತ್ತಾರೆ. ಊರೂರಿಗೆ ಕೊಳವೆಬಾವಿ ಕೊರೆಸಿದವರೂ ಅಧಿಕಾರವನ್ನು ಊರಿಗೆ ಇಳಿಸಿದವರೂ ಒಬ್ಬರೇ ಎಂಬುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಾಣುತ್ತದೆ. 2025ರ ಫೆಬ್ರುವರಿಯಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಪ್ರಕಟಿಸಿದ ಅಧಿಕಾರ ಹಂಚಿಕೆಯ ಶ್ರೇಯಾಂಕದಲ್ಲಿಯೂ ಕರ್ನಾಟಕಕ್ಕೆ ಮೊದಲ ಸ್ಥಾನ, ಕೇರಳಕ್ಕೆ ಎರಡನೆಯ ಸ್ಥಾನ ಸಿಕ್ಕಿತು. ದೇಶದ ಸರಾಸರಿ ನೂರಕ್ಕೆ 44ರ ಆಸುಪಾಸಿನಲ್ಲಿದ್ದಾಗ ನಮ್ಮ ಅಂಕ 72ನ್ನು ದಾಟಿತ್ತು. ಮೊದಲ ಸ್ಥಾನದ ರಾಜ್ಯದಲ್ಲಿಯೇ 23 ದಿನ ನಲ್ಲಿ ಒಣಗಿತ್ತು ಎಂದರೆ, ಕಾನೂನಿನಲ್ಲಿ ಅಧಿಕಾರ ಎಷ್ಟು ಇಳಿದಿದೆ ಎಂಬ ಅಳತೆಗೂ ಮನೆಯ ಬಾಗಿಲಲ್ಲಿ ಸೇವೆ ಹೇಗಿದೆ ಎಂಬ ಅಳತೆಗೂ ನಡುವೆ ಒಂದು ಕಂದಕವಿದೆ ಎಂದೇ ತಿಳಿಯಬೇಕು. ಆ ಕಂದಕದ ಹೆಸರೇ ನಿರ್ವಹಣೆ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಪಂಚಾಯತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಗುಡ್ಡದ ಬುಡದಲ್ಲಿ ಹೆಂಚಿನ ಪಂಪ್‌ಹೌಸು. ಒಳಗೆ ಗೋಡೆಗೆ ತೂಗುಹಾಕಿದ ಪ್ಯಾನೆಲ್ ಬೋರ್ಡಿನ ಬಾಗಿಲಿಗೆ ಬೀಗವಿಲ್ಲದೆ ಸುತಳಿ ದಾರ ಕಟ್ಟಿತ್ತು. ಮಳೆಗಾಲದ ತೇವಕ್ಕೆ ಸ್ಟಾರ್ಟರಿನ ತಿರುಪುಗಳಲ್ಲಿ ಹಸಿರು ಕಿಲುಬು ಹತ್ತಿತ್ತು. ಊರಿಗೆ ನೀರು ಬಿಡುವ ನೀರುಗಂಟಿ ನನಗೆ ತೋರಿಸಿದ್ದು ತನ್ನ ಮಗಳ ಹಳೆಯ ಶಾಲಾ ನೋಟುಬುಕ್ಕನ್ನು. ಅದರ ಹಿಂಬದಿಯ ಹಾಳೆಗಳಲ್ಲಿ ಆತ ದಿನವೂ ಮೋಟಾರು ಹಾಕಿದ ಮತ್ತು ತೆಗೆದ ಗಂಟೆಗಳನ್ನು ಬರೆದಿಟ್ಟಿದ್ದ. ನಡುನಡುವೆ 'ಸಿಡಿಲು, ಪ್ಯಾನೆಲ್ ಹೋಯಿತು', 'ಒಂದು ಫೇಸ್ ಇಲ್ಲ', 'ರಿವೈಂಡಿಂಗಿಗೆ ಶಿವಮೊಗ್ಗ' ಎಂಬ ಸಣ್ಣ ಟಿಪ್ಪಣಿಗಳಿದ್ದವು. ಪುಟ ತಿರುಗಿಸುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು: ಮೋಟಾರು ಸುಟ್ಟದ್ದು ಪ್ರತಿ ವರ್ಷವೂ ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲಿ, ಇಲ್ಲವೇ ವೋಲ್ಟೇಜು ಇಳಿದ ಮಾರ್ಚಿನಲ್ಲಿ. ಅಂದರೆ ಪಂಚಾಯತಿಯ ದಾಖಲೆಗಳಲ್ಲಿ 'ಆಕಸ್ಮಿಕ ದುರಸ್ತಿ' ಎಂದು ಬರೆದದ್ದು ಆಕಸ್ಮಿಕವೇ ಆಗಿರಲಿಲ್ಲ. ದಿನಾಂಕವನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದಾಗಿದ್ದ ಖರ್ಚು ಅದು. ಮೊದಲೇ ಗೊತ್ತಿರುವ ಖರ್ಚಿಗೆ ಮೊದಲೇ ಹಣ ತೆಗೆದಿಡದ ವ್ಯವಸ್ಥೆಯನ್ನು ನಾವು ಕಟ್ಟಿಕೊಂಡಿದ್ದೇವೆ.

ಏಕೆ ಹೀಗಾಯಿತು ಎಂಬುದನ್ನು ನಿಮ್ಮ ಪಂಚಾಯತಿಯ ಖಾತೆಗಳಿಂದಲೇ ತಿಳಿಯಬಹುದು. ಕೇಂದ್ರದ 15ನೆಯ ಹಣಕಾಸು ಆಯೋಗವು 2021ರಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಗಳಿಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆಂದು 2,36,805 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು. ಅದರಲ್ಲಿ ಶೇ. 60 ಭಾಗ ನಿರ್ಬಂಧಿತವಾಗಿತ್ತು. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40 ಭಾಗವನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಾಗಿದ್ದರೂ ಸಂಬಳಕ್ಕೂ ಆಡಳಿತ ವೆಚ್ಚಕ್ಕೂ ಮುಟ್ಟುವಂತಿರಲಿಲ್ಲ. ನೀರಿನ ನಿರ್ಬಂಧಿತ ಹಣದಲ್ಲಿ ನಿರ್ವಹಣೆಗೆ ಅವಕಾಶವಿದ್ದೇ ಇದೆ. ಆದರೆ ವರ್ಷದ ಆರಂಭದಲ್ಲಿ ಕ್ರಿಯಾ ಯೋಜನೆಗೆ ಅನುಮೋದನೆ ಪಡೆಯುವಾಗ ಸದಸ್ಯರೆಲ್ಲರೂ ತಮ್ಮ ತಮ್ಮ ವಾರ್ಡಿಗೆ ಹೊಸ ಪೈಪು, ಹೊಸ ಬೋರ್‌ವೆಲ್ಲು, ಹೊಸ ಟ್ಯಾಂಕು ಬೇಕೆಂದು ಕೇಳುತ್ತಾರೆ. ಹಳೆಯ ಮೋಟಾರಿಗೆ ಹಣ ಇಡಿ ಎಂದು ಕೇಳುವವರು ಅಪರೂಪ. ಹೊಸ ಕಾಮಗಾರಿಗೆ ಫಲಕವಿದೆ, ದುರಸ್ತಿಗೆ ಫಲಕವಿಲ್ಲ. ನಿಮ್ಮನ್ನು ದೂಷಿಸುವುದಕ್ಕೆ ಈ ಮಾತು ಹೇಳುತ್ತಿಲ್ಲ. ದೆಹಲಿಯಿಂದ ಹಿಡಿದು ನಿಮ್ಮ ಪಂಚಾಯತಿಯ ಸಭಾಂಗಣದವರೆಗೂ ಇದೇ ಒಲವು ಕೆಲಸ ಮಾಡುತ್ತದೆ.

ಮನೆ ಮನೆಗೆ ನೀರು ತಂದ ಜಲ ಜೀವನ್ ಮಿಷನ್ ಕೂಡ ಈ ಮಾತಿಗೆ ಹೊರತಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಈ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯಗಳು ಸಮಪಾಲು ಹಾಕುತ್ತವೆ. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿಯಿದೆ. ಕಾಮಗಾರಿ ಮುಗಿದು ಹಸ್ತಾಂತರವಾದ ಮೇಲೆ ಚಾಲನೆ ಮತ್ತು ನಿರ್ವಹಣೆ ಗ್ರಾಮ ಪಂಚಾಯತಿಯದು ಮತ್ತು ಗ್ರಾಮ ನೀರು ಹಾಗೂ ನೈರ್ಮಲ್ಯ ಸಮಿತಿಯದು. ಜನರ ವಂತಿಗೆ, ಬಳಕೆದಾರರ ಶುಲ್ಕ, ದುರಸ್ತಿಗೆಂದು ಖರ್ಚಾದಷ್ಟನ್ನು ಮತ್ತೆ ತುಂಬುತ್ತ ಹೋಗುವ ಒಂದು ಆವರ್ತ ನಿಧಿ ಇವೆಲ್ಲವೂ ಮಾರ್ಗಸೂಚಿಯಲ್ಲಿವೆ. ನಿಮ್ಮ ಪಂಚಾಯತಿಯಲ್ಲಿ ಆ ಸಮಿತಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇದೆಯೇ, ಅದರಲ್ಲಿ ಎಷ್ಟು ಹಣವಿದೆ ಎಂದು ಒಮ್ಮೆ ಕೇಳಿ ನೋಡಿ. ಸಮಿತಿಯ ಹೆಸರು ಕಡತದಲ್ಲಿದ್ದು, ಸಭೆಯ ನಡಾವಳಿ ಪುಸ್ತಕ ಖಾಲಿಯಿರುವ ಊರುಗಳನ್ನು ನಾನು ಹಲವು ಕಂಡಿದ್ದೇನೆ.

ಈಗ ದರದ ಲೆಕ್ಕಕ್ಕೆ ಬರೋಣ. 120 ಮನೆಗಳಿರುವ ಒಂದು ಊರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ; ಅಂಕಿಗಳನ್ನು ಲೆಕ್ಕ ತಿಳಿಯಲೆಂದು ನಾನು ಊಹಿಸಿಕೊಂಡಿದ್ದೇನೆ, ನಿಮ್ಮ ಊರಿನ ಅಂಕಿಗಳನ್ನು ನೀವು ಹಾಕಿ ನೋಡಬಹುದು. ಮನೆಗೆ ತಿಂಗಳಿಗೆ 100 ರೂಪಾಯಿಯಾದರೆ ವರ್ಷದ ಬೇಡಿಕೆ 1,44,000 ರೂಪಾಯಿ. ಪಂಪಿನ ವಿದ್ಯುತ್ ಬಿಲ್ಲು ತಿಂಗಳಿಗೆ 7,000 ಎಂದರೆ ವರ್ಷಕ್ಕೆ 84,000. ಸಣ್ಣಪುಟ್ಟ ದುರಸ್ತಿ, ಬ್ಲೀಚಿಂಗ್ ಪುಡಿ, ವಾಲ್ವು, ಪೈಪು ಸೇರಿ 25,000. ಮೋಟಾರು, ಪಂಪು, ಪ್ಯಾನೆಲ್ಲು ಒಟ್ಟಿಗೆ 90,000 ರೂಪಾಯಿ ಬೆಲೆಬಾಳುವಂಥವು ಆರು ವರ್ಷ ಬಾಳುತ್ತವೆ ಎಂದರೆ ವರ್ಷಕ್ಕೆ 15,000 ತೆಗೆದಿಡಬೇಕು. ನೂರಕ್ಕೆ 85ರಷ್ಟು ವಸೂಲಿಯಾದರೆ ಕೈಗೆ ಬರುವುದು 1,22,400. ವಿದ್ಯುತ್ತು ಮತ್ತು ದುರಸ್ತಿ ಕಳೆದು ಉಳಿಯುವುದು 13,400. ತೆಗೆದಿಡಬೇಕಾದ ಮೊತ್ತಕ್ಕೆ 1,600 ರೂಪಾಯಿ ಕಡಿಮೆ ಬಿದ್ದರೂ ಹೆಚ್ಚುಕಡಿಮೆ ಸರಿದೂಗುತ್ತದೆ. ವಸೂಲಿ ಶೇ. 60ಕ್ಕೆ ಇಳಿದರೆ ಬರುವುದು 86,400; ವಿದ್ಯುತ್ ಬಿಲ್ಲು ಕಟ್ಟಿದ ಮೇಲೆ ಉಳಿಯುವುದು 2,400 ರೂಪಾಯಿ, ಅದರಲ್ಲಿ ವರ್ಷದ ಸಣ್ಣಪುಟ್ಟ ದುರಸ್ತಿಯೂ ಆಗಲಾರದು. ದರ ಇನ್ನೂ 50 ರೂಪಾಯಿಯಲ್ಲೇ ಇದ್ದರೆ ನೂರಕ್ಕೆ ನೂರು ವಸೂಲಿಯಾದರೂ ಬರುವುದು 72,000, ವಿದ್ಯುತ್ತಿಗೂ ಸಾಲದು. ನೀರುಗಂಟಿಯ ಸಂಬಳವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ ಎಂಬುದನ್ನು ಗಮನಿಸಿ.

ಈ ಲೆಕ್ಕವನ್ನು ಬಯಲುಸೀಮೆಯಲ್ಲಿ ಮಾಡಿದರೆ ಬೇರೆಯೇ ಉತ್ತರ ಬರುತ್ತದೆ. ಅಲ್ಲಿ ಒಂದು ಊರೆಂದರೆ ಒತ್ತಾಗಿ ನಿಂತ 400 ಮನೆಗಳು. ಒಂದು ಟ್ಯಾಂಕು, ಒಂದು ಮೋಟಾರು, ಒಂದೆರಡು ಕಿಲೋಮೀಟರ್ ಪೈಪು. ನಮ್ಮಲ್ಲಿ ತೋಟಕ್ಕೊಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಗದ್ದೆ ಬಯಲು, ಹಳ್ಳ, ಕಾಲುಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಬೇಕು. 120 ಮನೆಗಳಿಗೆ ನಾಲ್ಕು ಮಜರೆ, ಕೆಲವೊಮ್ಮೆ ನಾಲ್ಕು ಮೋಟಾರು. ಜನಸಂಖ್ಯೆಯ ಆಧಾರದ ಮೇಲೆ ಹಣ ಹಂಚಿದರೆ ಮಲೆನಾಡಿನ ಪಂಚಾಯತಿಗೆ ಸಿಗುವುದು ಕಡಿಮೆ, ಅದೇ ಸೇವೆಗೆ ಆಗುವ ಖರ್ಚು ಹೆಚ್ಚು. ಗುಡ್ಡದ ಮೇಲಿನ ಅಬ್ಬಿ (ಝರಿ) ನೀರನ್ನು ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಅಂಗಳಕ್ಕೆ ಇಳಿಸಿಕೊಳ್ಳುತ್ತಿದ್ದ ಮನೆಗಳು ನಮ್ಮಲ್ಲಿದ್ದವು. ಅಂಥ ಕಡೆ ಇಳಿಜಾರಿನ ನೀರಿನ ಯೋಜನೆಯೇ ಸಾಕಾಗುತ್ತಿತ್ತು, ವಿದ್ಯುತ್ ಬಿಲ್ಲೇ ಇರುತ್ತಿರಲಿಲ್ಲ. ವಿನ್ಯಾಸವನ್ನು ಊರಿನವರ ಜೊತೆ ಕೂತು ಮಾಡಿದ ಕಡೆ ನಿರ್ವಹಣೆಯ ಹೊರೆ ಹುಟ್ಟುವಾಗಲೇ ತಗ್ಗುತ್ತದೆ. ಸುಧಾರಣೆ ಎಂದರೆ ಹಣ ಹೆಚ್ಚಿಸುವುದು ಮಾತ್ರವೆಂದು ತಿಳಿಯಬಾರದು. ಅಬ್ಬಿ ನೀರು ಬರುವ ಊರಿಗೆ ಬೋರ್‌ವೆಲ್ಲು ಕೊರೆಯದಿರುವುದೂ ಸುಧಾರಣೆಯೇ.

ಸ್ವಂತ ತೆರಿಗೆಯ ಮಾತನ್ನು ಎತ್ತಿದರೆ ಮಲೆನಾಡಿನ ಕಷ್ಟ ಇನ್ನಷ್ಟು ತಿಳಿಯುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ಪಂಚಾಯತಿಗಳ ಆದಾಯದಲ್ಲಿ ಸ್ವಂತ ತೆರಿಗೆಯ ಪಾಲು ಶೇ. 1ರ ಆಸುಪಾಸಿನಲ್ಲಿದೆ, ಸುಮಾರು ಶೇ. 95 ಭಾಗ ಮೇಲಿನ ಸರ್ಕಾರಗಳ ಅನುದಾನ. ನಮ್ಮ ಅಧಿನಿಯಮದ 199ನೆಯ ಪ್ರಕರಣವು ಕಟ್ಟಡಗಳ ಮೇಲೆ ಮತ್ತು ಕೃಷಿಯೇತರ ಜಮೀನುಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯತಿಗೆ ಕೊಟ್ಟಿದೆ. ಆದರೆ ನಮ್ಮ ಊರುಗಳ ನಿಜವಾದ ಸಂಪತ್ತು ಅಡಿಕೆ ತೋಟ. ಅದು ಕೃಷಿ ಭೂಮಿ, ಪಂಚಾಯತಿಯ ತೆರಿಗೆಯ ಹೊರಗಿದೆ. ಪಂಚಾಯತಿಯ ವ್ಯಾಪ್ತಿಯಲ್ಲಿ ಬಹಳಷ್ಟು ಭಾಗ ಕಾಡು. ಅದರಿಂದಲೂ ಮನೆಗಂದಾಯ ಬರುವುದಿಲ್ಲ. ಇನ್ನು ಶರಾವತಿ ಮುಳುಗಡೆಯಿಂದ ಎದ್ದು ಬಂದು ಅರಣ್ಯದ ಜಾಗದಲ್ಲಿ ನೆಲೆ ಕಂಡ ಕುಟುಂಬಗಳಿಗೆ ಹಕ್ಕುಪತ್ರದ ಪ್ರಶ್ನೆಯೇ ಅರವತ್ತು ವರ್ಷಗಳಿಂದ ಪೂರ್ತಿ ಬಗೆಹರಿದಿಲ್ಲ. ಹಕ್ಕುಪತ್ರವಿಲ್ಲದ ಮನೆಗೆ ಪಂಚಾಯತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಸಿಗುವುದು ಕಷ್ಟ, ಅವಿಲ್ಲದೆ ತೆರಿಗೆಯ ಪಟ್ಟಿಗೆ ಆ ಮನೆ ಸರಿಯಾಗಿ ಸೇರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ಶರಾವತಿ ವಿದ್ಯುದಾಗಾರವು 1,035 ಮೆಗಾವಾಟ್ ಸಾಮರ್ಥ್ಯದಲ್ಲಿ ಇಡೀ ರಾಜ್ಯಕ್ಕೆ ಬೆಳಕು ಕೊಡುತ್ತಿದೆ. ಆ ನೀರಿಗಾಗಿ ಊರು ಕಳೆದುಕೊಂಡವರ ಪಂಚಾಯತಿಗಳೇ ತೆರಿಗೆಯ ನೆಲೆ ಇಲ್ಲದೆ ಬಡವಾಗಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇಲ್ಲಿ ರಾಜ್ಯ ಸರ್ಕಾರದ ಒಂದು ವಾದವನ್ನು ನೆನಪಿಸಿಕೊಳ್ಳುವುದು ಪ್ರಯೋಜನಕರ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದ ಕಾಲದಲ್ಲಿ ಶೇ. 4.713 ಇದ್ದದ್ದು 15ನೆಯ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು, ಸೆಸ್ಸು ಮತ್ತು ಸರ್‌ಚಾರ್ಜುಗಳನ್ನು ಹಂಚಿಕೆಯ ಹೊರಗಿಡುವುದರಿಂದಲೂ ನಮಗೆ ನಷ್ಟವಾಗುತ್ತಿದೆ ಎಂದು ರಾಜ್ಯವು ಹೇಳುತ್ತ ಬಂದಿದೆ. ಪಾಲು ನ್ಯಾಯವಾಗಿರಬೇಕು, ಷರತ್ತುಗಳಿಲ್ಲದೆ ಬರಬೇಕು ಎಂಬ ಈ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪುವುದರಿಂದಲೇ, ಬೆಂಗಳೂರಿನಿಂದ ನಿಮ್ಮ ಪಂಚಾಯತಿಗೆ ಬರುವ ಹಣಕ್ಕೂ ಇದೇ ವಾದ ಅನ್ವಯಿಸಬೇಕು ಎನ್ನುತ್ತೇನೆ. 15ನೆಯ ಆಯೋಗವು ರಾಜ್ಯಗಳ ನಡುವೆ ತೆರಿಗೆ ಹಂಚುವ ಸೂತ್ರದಲ್ಲಿ ಅರಣ್ಯ ಮತ್ತು ಪರಿಸರಕ್ಕೆ ಶೇ. 10 ತೂಕ ಕೊಟ್ಟಿತು. ಕಾಡನ್ನು ಉಳಿಸಿಕೊಂಡ ರಾಜ್ಯಕ್ಕೆ ಅದರ ಲೆಕ್ಕದಲ್ಲಿ ಒಂದು ಪಾಲು ಸಿಗುವುದಾದರೆ, ಆ ಕಾಡಿನ ನಡುವೆ ಬದುಕುವ ಆಗುಂಬೆ, ಕೊಲ್ಲೂರು ಘಾಟಿನ ಅಂಚಿನ ಪಂಚಾಯತಿಗಳಿಗೂ ಆ ತೂಕ ಇಳಿದು ಬರಬೇಕಲ್ಲವೇ?

ಇದನ್ನು ಮಾಡಬೇಕಾದ ಸಂಸ್ಥೆ, ರಾಜ್ಯದ ಹಣದಲ್ಲಿ ಸ್ಥಳೀಯ ಸಂಸ್ಥೆಗಳ ಪಾಲನ್ನು ಶಿಫಾರಸು ಮಾಡುವ ರಾಜ್ಯ ಹಣಕಾಸು ಆಯೋಗ. ಸಂವಿಧಾನದ ಪ್ರಕಾರ ಅದನ್ನು ಐದು ವರ್ಷಕ್ಕೊಮ್ಮೆ ರಚಿಸಬೇಕು. ಕರ್ನಾಟಕದಲ್ಲಿ ಎ. ಜಿ. ಕೊಡ್ಗಿ ಅವರ ಅಧ್ಯಕ್ಷತೆಯ ಮೂರನೆಯ ಆಯೋಗ ರಚನೆಯಾದದ್ದು 2006ರಲ್ಲಿ, ನಾಲ್ಕನೆಯದು 2015ರಲ್ಲಿ, ಸಿ. ನಾರಾಯಣಸ್ವಾಮಿ ಅವರ ಅಧ್ಯಕ್ಷತೆಯ ಐದನೆಯದು 2023ರಲ್ಲಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂಬತ್ತು ವರ್ಷಗಳ ಅಂತರವಿತ್ತು. ಅಷ್ಟು ಕಾಲ ಹಳೆಯ ಸೂತ್ರದಲ್ಲೇ ಬಂಡಿ ಸಾಗುತ್ತದೆ, ಅಥವಾ ಆಯಾ ವರ್ಷದ ಬಜೆಟ್ ಸಿದ್ಧಪಡಿಸುವವರ ಅನುಕೂಲದಂತೆ ಸಾಗುತ್ತದೆ. ದೀರ್ಘಕಾಲದ ಹಣದ ಭದ್ರತೆ ಎಂದು ನೀವು ಕೇಳುತ್ತಿರುವುದು ಇಲ್ಲಿಂದ ಆರಂಭವಾಗಬೇಕು: ಆಯೋಗ ಸಮಯಕ್ಕೆ ಸರಿಯಾಗಿ ರಚನೆಯಾಗಬೇಕು, ವರದಿ ಬಂದ ಆರು ತಿಂಗಳಲ್ಲಿ ಸರ್ಕಾರವು ಒಪ್ಪಿದ್ದೇನು, ಬಿಟ್ಟದ್ದೇನು ಎಂಬುದನ್ನು ವಿಧಾನಮಂಡಲದ ಮುಂದಿಡಬೇಕು, ಮತ್ತು ಐದು ವರ್ಷಗಳಲ್ಲಿ ಪ್ರತಿಯೊಂದು ಗ್ರಾಮ ಪಂಚಾಯತಿಗೆ ಎಷ್ಟು ಬರುತ್ತದೆ ಎಂಬ ಅಂದಾಜು ಮೊದಲ ವರ್ಷವೇ ಪ್ರಕಟವಾಗಬೇಕು. ಆರು ತಿಂಗಳ ಗಡುವು ನನ್ನ ಸಲಹೆ. ವರದಿಯನ್ನು ಮಂಡಿಸಬೇಕೆಂಬುದು ಸಂವಿಧಾನದ ಮಾತು.

ಕೇರಳದ ಅನುಭವದಿಂದ ಒಂದು ವಿಷಯವನ್ನು ನಾವು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು ಎಂದು ನಾನು ನಂಬಿದ್ದೇನೆ. 1996ರಲ್ಲಿ ಅಲ್ಲಿ ಜನತಾ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಯಾರೂ ಹೇಳದ ಸಂಗತಿ ಎಂದರೆ, ಅಲ್ಲಿನ ಬಜೆಟ್ಟಿನ ನಾಲ್ಕನೆಯ ಅನುಬಂಧದಲ್ಲಿ ಒಂದೊಂದು ಸ್ಥಳೀಯ ಸಂಸ್ಥೆಯ ಹೆಸರಿನ ಮುಂದೆ ಅದಕ್ಕೆ ಬರುವ ಹಣ ಅಚ್ಚಾಗಿರುತ್ತದೆ, ಮತ್ತು ಆ ಹಣ ಅಭಿವೃದ್ಧಿ ನಿಧಿ, ನಿರ್ವಹಣಾ ನಿಧಿ, ಸಾಮಾನ್ಯ ಉದ್ದೇಶದ ನಿಧಿ ಎಂದು ಮೂರಾಗಿ ವಿಂಗಡಣೆಯಾಗಿರುತ್ತದೆ. ನಿರ್ವಹಣೆಗೆ ತನ್ನದೇ ಹೆಸರಿನ ನಿಧಿ ಇದ್ದಾಗ ಹೊಸ ಟ್ಯಾಂಕು ಕೇಳುವವರು ಹಳೆಯ ಮೋಟಾರಿನ ಹಣವನ್ನು ಎಳೆದುಕೊಳ್ಳಲಾಗದು. ನಮ್ಮಲ್ಲಿ ರಾಜ್ಯ ಬಜೆಟ್ಟಿನಿಂದ ಜಿಲ್ಲೆಗೆ ಬರುವ ಹಣವನ್ನು ತೋರಿಸುವ ಜಿಲ್ಲಾ ಪಂಚಾಯತಿಯ ಲಿಂಕ್ ಪುಸ್ತಕ ದಪ್ಪವಾಗಿಯೇ ಇರುತ್ತದೆ. ಆದರೆ ಅದರ ಬಹುಪಾಲು ಶಿಕ್ಷಕರ ಮತ್ತಿತರ ಸಿಬ್ಬಂದಿಯ ಸಂಬಳ, ಬೆಂಗಳೂರಿನಿಂದ ಬಂದು ಸಿಬ್ಬಂದಿಗೆ ಹೋಗುವ ಹಣ. ಅದರ ಮೇಲೆ ಜಿಲ್ಲೆಗೆ ನಿರ್ಧಾರದ ಅಧಿಕಾರ ಬಹಳ ಕಡಿಮೆ. ಅದೂ ಅಲ್ಲದೆ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನಡೆಯದೆ ಆಡಳಿತಾಧಿಕಾರಿಗಳೇ ಉಳಿದರು. ಜಿಲ್ಲೆಯ ಮಟ್ಟದಲ್ಲಿ ನಿಮ್ಮ ಪರವಾಗಿ ಹಣ ಕೇಳಬೇಕಾದ ಚುನಾಯಿತ ದನಿಯೇ ಇಲ್ಲವಾಯಿತು. ವಿಕೇಂದ್ರೀಕರಣಕ್ಕೆ ದಾರಿ ತೋರಿದ ರಾಜ್ಯದಲ್ಲಿ ಇದು ನಡೆಯಬಾರದಿತ್ತು.

ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವರಿಗೆ ನಾನು ಹೇಳುತ್ತಿರುವುದು ಹೊಸದಲ್ಲ. ಸಸಿ ನೆಟ್ಟ ವರ್ಷದ ಖರ್ಚು ಒಂದು ಸಲದ್ದು. ಆದರೆ ಮಳೆ ಹಿಡಿಯುವ ಮೊದಲು ಕೊಳೆ ಔಷಧಿ ಹೊಡೆಸುವುದು, ಬಸಿಗಾಲುವೆಯ ಹೂಳು ತೆಗೆಸುವುದು, ಸೊಪ್ಪು ಗೊಬ್ಬರ ಹಾಕಿಸುವುದು ಪ್ರತಿ ವರ್ಷದ ಖರ್ಚು; ಬೆಲೆ ಇಳಿದ ವರ್ಷವೂ ಅದನ್ನು ಯಾರೂ ಬಿಡುವುದಿಲ್ಲ, ಸಾಲ ಮಾಡಿಯಾದರೂ ಮಾಡುತ್ತಾರೆ, ಏಕೆಂದರೆ ಒಂದು ವರ್ಷ ಬಿಟ್ಟರೆ ಹತ್ತು ವರ್ಷದ ಮರ ಹೋಗುತ್ತದೆ. ತೋಟದಲ್ಲಿ ನಮಗೆ ಸಹಜವಾಗಿ ತಿಳಿದಿರುವ ಈ ಲೆಕ್ಕವನ್ನು ಊರಿನ ಟ್ಯಾಂಕಿಗೆ, ಶಾಲೆಯ ಮಾಡಿಗೆ, ಕಾಲುಸಂಕಕ್ಕೆ ಅನ್ವಯಿಸುವ ಬಜೆಟ್ಟಿನ ಪದ್ಧತಿ ನಮಗೆ ಬೇಕಾಗಿದೆ.

ಆರೋಗ್ಯದ ವಿಷಯದಲ್ಲಿ ಇದೇ ಮಾತು ಜೀವದ ಪ್ರಶ್ನೆಯಾಗುತ್ತದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವು ಜೀವಗಳನ್ನು ತೆಗೆದುಕೊಂಡಿತು. ಇಂಥ ರೋಗಕ್ಕೆ ಸಾವು ಸಂಭವಿಸಿದ ವರ್ಷದ ವಿಶೇಷ ಅನುದಾನ ಸಾಲುವುದಿಲ್ಲ. ರೋಗವಿಲ್ಲದ ವರ್ಷವೂ ಸತ್ತ ಮಂಗನ ಸುದ್ದಿ ತರುವವರು, ಉಣುಗುಗಳನ್ನು ಸಂಗ್ರಹಿಸಿ ಪರೀಕ್ಷೆಗೆ ಕಳಿಸುವವರು, ಕಾಡಿಗೆ ಹೋಗುವವರ ಕೈಗೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ತೈಲದ ಬಾಟಲಿ ತಲುಪಿಸುವ ಆಶಾ ಕಾರ್ಯಕರ್ತೆ ಕೆಲಸದಲ್ಲಿರಬೇಕು. ಶಾಂತ ವರ್ಷದ ಆ ಖರ್ಚೇ ಕೆಟ್ಟ ವರ್ಷವನ್ನು ತಪ್ಪಿಸುತ್ತದೆ. ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ. 15ನೆಯ ಆಯೋಗವು ಆರೋಗ್ಯಕ್ಕೆಂದು ಸ್ಥಳೀಯ ಸಂಸ್ಥೆಗಳ ಮೂಲಕ 70,051 ಕೋಟಿ ರೂಪಾಯಿ ಶಿಫಾರಸು ಮಾಡಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಐದು ವರ್ಷ ಮುಗಿದ ಮೇಲೆ ಆ ಸಾಲು ಮುಂದುವರಿಯುತ್ತದೆ ಎಂಬ ಖಾತರಿ ಇಲ್ಲದಿದ್ದರೆ ಯಾವ ಪಂಚಾಯತಿಯೂ ಅದನ್ನು ನಂಬಿ ಜನರನ್ನು ನೇಮಿಸಲಾರದು.

ಶಾಲೆಗಳ ಬಗ್ಗೆ ಒಂದೇ ಮಾತು: ಮಕ್ಕಳ ತಲೆ ಎಣಿಸಿ ಹಣ ಕೊಡುವ ಲೆಕ್ಕ ಹನ್ನೆರಡು ಮಕ್ಕಳಿರುವ ಕಾಡಂಚಿನ ಶಾಲೆಗೆ ಎಂದೂ ಸರಿಹೊಂದುವುದಿಲ್ಲ, ಅಲ್ಲಿಗೆ ಕನಿಷ್ಠ ಮೊತ್ತವೊಂದನ್ನು ನಿಗದಿ ಮಾಡಬೇಕು.

ಇನ್ನೊಂದು ಸುಧಾರಣೆಗೆ ಹೊಸ ಹಣವೇ ಬೇಕಿಲ್ಲ. ಶಿವಮೊಗ್ಗದಲ್ಲಿ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಹಣ, ಶಾಸಕರ ಮತ್ತು ಸಂಸದರ ನಿಧಿ, ಇಲಾಖೆಗಳ ಯೋಜನೆಗಳು ಒಂದೇ ಊರಿಗೆ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಅವುಗಳಿಂದ ಒಳ್ಳೆಯ ಕಾಲುಸಂಕಗಳೂ ರಸ್ತೆಗಳೂ ಆಗಿವೆ. ಆದರೆ ಯಾರು ಕಟ್ಟಿದರೂ ಕೊನೆಗೆ ನೋಡಿಕೊಳ್ಳಬೇಕಾದದ್ದು ಪಂಚಾಯತಿ. ಆದ್ದರಿಂದ ಯಾವುದೇ ಸಂಸ್ಥೆ ನಿಮ್ಮ ಊರಿನಲ್ಲಿ ಆಸ್ತಿ ನಿರ್ಮಿಸುವ ಮೊದಲು, ಅದರ ವಾರ್ಷಿಕ ನಿರ್ವಹಣೆಗೆ ಎಷ್ಟು ಬೇಕು, ಯಾರು ಕೊಡುತ್ತಾರೆ ಎಂಬ ಒಂದು ಪುಟದ ಟಿಪ್ಪಣಿ ಪಂಚಾಯತಿಯ ಆಸ್ತಿ ವಹಿಗೆ ಸೇರಬೇಕು ಎಂಬ ನಿಯಮ ಬಂದರೆ ಸಾಕು, ಅರ್ಧ ಸಮಸ್ಯೆ ಕಣ್ಣಿಗೆ ಕಾಣುವಂತಾಗುತ್ತದೆ. ಹಾಗೆಯೇ, ಪ್ರತಿಯೊಂದು ಪಂಚಾಯತಿಯೂ ಒಬ್ಬ ನುರಿತ ಮೆಕ್ಯಾನಿಕ್ಕನ್ನು ಇಟ್ಟುಕೊಳ್ಳಲಾರದು. ಹೋಬಳಿಯ ಐದಾರು ಪಂಚಾಯತಿಗಳು ಸೇರಿ ಇಬ್ಬರನ್ನು ನೇಮಿಸಿ, ಒಂದು ಬದಲಿ ಮೋಟಾರನ್ನು ಯಾವಾಗಲೂ ಸಿದ್ಧವಾಗಿಟ್ಟರೆ, ರಿವೈಂಡಿಂಗಿಗೆ ಶಿವಮೊಗ್ಗಕ್ಕೆ ಹೋಗಿ ಬರುವ ತನಕ ಊರು ಕೊಡ ಹಿಡಿದು ಕಾಯಬೇಕಾಗಿಲ್ಲ.

ನಿಮ್ಮ ಕೈಯಲ್ಲಿಯೇ ಇರುವ ದಾರಿಗಳೂ ಇವೆ. ಹೋಮ್‌ಸ್ಟೇಗಳು, ರೆಸಾರ್ಟುಗಳು, ಮೊಬೈಲ್ ಟವರುಗಳು ತೆರಿಗೆಯ ಬೇಡಿಕೆ ವಹಿಯಲ್ಲಿ ವಾಣಿಜ್ಯ ದರದಲ್ಲಿ ದಾಖಲಾಗಿವೆಯೇ ಎಂದು ನೋಡಿ. ಹೊಸನಗರ, ಸಾಗರ, ತೀರ್ಥಹಳ್ಳಿಗಳಲ್ಲಿ ಹಿಂದಿನ ಹತ್ತು ವರ್ಷಗಳಲ್ಲಿ ಎದ್ದ ಎಷ್ಟೋ ಕಟ್ಟಡಗಳು ಇನ್ನೂ ವಾಸದ ಮನೆಯ ದರದಲ್ಲಿಯೇ ಉಳಿದಿರಬಹುದು. ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನು, ಪಂಚಾಯತಿಯ ಲೆಕ್ಕವನ್ನು ಊರಿನ ಮುಂದಿಡುವ ಜಮಾಬಂದಿಯ ದಿನ ಗಟ್ಟಿಯಾಗಿ ಓದಿಸಿ. ವರ್ಷಕ್ಕೊಮ್ಮೆ ನಡೆಯುವ ಆ ಸಭೆಗೆ ಊರಿನವರು ಬರುವುದು ಕಡಿಮೆ, ಬಂದವರಿಗೂ ಲೆಕ್ಕ ಅರ್ಥವಾಗುವಂತೆ ಹೇಳುವುದು ಇನ್ನೂ ಕಡಿಮೆ. ನನ್ನ ಅನುಭವದಲ್ಲಿ, ತಾವು ಕೊಟ್ಟ ಹಣ ಎಲ್ಲಿ ಹೋಯಿತು ಎಂದು ತಿಳಿದ ಊರಿನಲ್ಲಿ ವಸೂಲಿ ತಾನಾಗಿ ಏರುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೈ ಎತ್ತಿ; ಆದರೆ ಠರಾವಿನಲ್ಲಿ ಮೂರು ಸಾಲುಗಳನ್ನು ಸೇರಿಸಿದ ಮೇಲೆ ಎತ್ತಿ. ನೀರಿನ ಹಣ ಸಮಿತಿಯ ಪ್ರತ್ಯೇಕ ಖಾತೆಗೆ ಹೋಗಬೇಕು, ಅದರಿಂದ ತಿಂಗಳಿಗೆ ಇಂತಿಷ್ಟು ಮೊತ್ತವನ್ನು ಮೋಟಾರಿನ ಬದಲಾವಣೆಗೆಂದು ಮೀಸಲಿಡಬೇಕು ಎಂಬುದು ಒಂದು. ಒಂಟಿಯಾಗಿರುವ ವೃದ್ಧರು, ಕೂಲಿಯನ್ನೇ ನೆಚ್ಚಿದ ಮನೆಗಳು ಯಾವುವು ಎಂದು ವಾರ್ಡ್ ಸಭೆಯಲ್ಲಿ ಗುರುತಿಸಿ, ಅವರಿಗೆ 50 ರೂಪಾಯಿಯನ್ನೇ ಮುಂದುವರಿಸಿ, ಆ ಕೊರತೆಯನ್ನು ಪಂಚಾಯತಿಯ ಸ್ವಂತ ನಿಧಿಯಿಂದ ತುಂಬಬೇಕು ಎಂಬುದು ಇನ್ನೊಂದು. ರಿಯಾಯಿತಿಯನ್ನು ಬಾಕಿಯೆಂದು ಮುಚ್ಚಿಡದೆ ಲೆಕ್ಕದಲ್ಲಿ ಬಹಿರಂಗವಾಗಿ ತೋರಿಸುವುದು ಮುಖ್ಯ. ಸುಟ್ಟ ಎರಡು ಮೋಟಾರುಗಳು ದುರಸ್ತಿಯಾಗಿ ಒಂದು ತಿಂಗಳು ತಡೆಯಿಲ್ಲದೆ ನೀರು ಬಂದ ಮೇಲೆ ಆ ಮಜರೆಗಳಿಗೆ ಹೊಸ ದರ ಅನ್ವಯವಾಗಬೇಕು ಎಂಬುದು ಮೂರನೆಯದು. ಸಭೆಗೆ ಹೋಗುವಾಗ ನಿಮ್ಮ ನೀರುಗಂಟಿಯ ನೋಟುಬುಕ್ಕನ್ನು ಜೊತೆಗೆ ಒಯ್ಯಿರಿ. ಆತ ಬರೆದಿಟ್ಟಿರದಿದ್ದರೆ ಒಂದು ಹೊಸ ಪುಸ್ತಕ ಕೊಂಡು ಕೊಟ್ಟು, ಮೊದಲ ಹಾಳೆಯಲ್ಲಿ ಮೋಟಾರು ಕೂರಿಸಿದ ದಿನಾಂಕವನ್ನೂ ಅದರ ಅಶ್ವಶಕ್ತಿಯನ್ನೂ ಬರೆಸಿ.